ಕಾಕು ಕೊಟ್ಟ ಡಬ್ಬಿ ನನ್ನ ಹತ್ತಿರವೇ ಉಳಿದಿದೆ, ಏನು ತುಂಬಿ ಕೊಡಲಿ?

ಬ್ಯಾಡಗಿ ಹುಡುಗಿ:
ಎಲ್ಲರಿಗೂ ನಮಸ್ಕಾರ. ನಮ್ಮದು ಬ್ಯಾಡಗಿ ಕಡೆ ಒಂದು ಸಣ್ಣ ಹಳ್ಳಿ. ಅವ್ವನ ಮೊಣಕಾಲಿನ ಆಪರೇಷನ್ ಅಂತ ಹೋದ ತಿಂಗಳು ಹುಬ್ಬಳ್ಳಿಗೆ ಬಂದಿದ್ದೆವು. ಅಪ್ಪನ ಜೊತೆ ಓದಿದವರೊಬ್ಬರ ಮನೆ ಕೇಶ್ವಾಪುರದಲ್ಲಿದೆ. ಆಸ್ಪತ್ರೆ ಹತ್ತಿರ ರೂಮು ಹಿಡಿಯುತ್ತೇವೆ ಅಂದಿದ್ದಕ್ಕೆ ಕಾಕಾ ಅಪ್ಪನಿಗೆ ಫೋನಿನಲ್ಲೇ ಬೈದರು. ಹಾಗಾಗಿ 22 ದಿನ ನಾನು ಅವರ ಮನೆಯಲ್ಲೇ ಇದ್ದೆ.

ಕಾಕಾನ ಹೆಂಡತಿ ಕಾಕು ದಿನಾ ಬೆಳಗ್ಗೆ ಐದಕ್ಕೆ ಎದ್ದು ಮೂರು ಖಾನೆಯ ಡಬ್ಬಿ ತುಂಬಿ ಕೊಡುತ್ತಿದ್ದರು. ಒಂದರಲ್ಲಿ ಅವ್ವನಿಗೆ ಮೆತ್ತಗಿನ ಅನ್ನ, ಒಂದರಲ್ಲಿ ತೊವ್ವೆ, ಮೂರನೇದರಲ್ಲಿ ನನಗೆ ರೊಟ್ಟಿ ಪಲ್ಯ. ಒಂದು ದಿನವೂ ತಪ್ಪಲಿಲ್ಲ. ಊರಿಗೆ ಹೊರಡುವ ದಿನ ಅವ್ವನನ್ನು ಕುರ್ಚಿ ಮೇಲೆ ಕೂರಿಸಿ ಉಡಿ ತುಂಬಿದರು. ಅಪ್ಪ ಕಾಕಾನ ಕಿಸೆಗೆ ದುಡ್ಡು ಇಡಲು ಹೋದರೆ ಅದನ್ನೇ ತೆಗೆದು ಅವ್ವನ ಕೈಗಿಟ್ಟು "ಹಣ್ಣು ತಗೊಂಡ್ ತಿನ್ರಿ ವೈನಿ" ಅಂದುಬಿಟ್ಟರು. ಊರಿಗೆ ಬಂದು ಚೀಲ ಬಿಚ್ಚಿದರೆ ಡಬ್ಬಿ ನಮ್ಮ ಜೊತೆ ಬಂದಿದೆ.

ಇನ್ನು 15 ದಿನಕ್ಕೆ ತೋರಿಸಲು ಮತ್ತೆ ಹುಬ್ಬಳ್ಳಿಗೆ ಹೋಗಬೇಕು. ಖಾಲಿ ಡಬ್ಬಿ ಹಿಂದಿರುಗಿಸಲು ಮನಸ್ಸಿಲ್ಲ. ಕೈಯಾರೆ ಏನಾದರೂ ಮಾಡಿ ಒಯ್ಯಬೇಕು ಅಂತ ಆಸೆ. ಐನೂರು ಆರುನೂರು ರೂಪಾಯಿ ಖರ್ಚು ಮಾಡಬಲ್ಲೆ, ಅದಕ್ಕಿಂತ ಜಾಸ್ತಿ ಈಗ ಆಗುವುದಿಲ್ಲ. ಮನೆಯಲ್ಲಿ ಕಾಕಾ, ಕಾಕು, ಮಗ, ಸೊಸೆ, ನಾಲ್ಕು ವರ್ಷದ ಮೊಮ್ಮಗು ಇದ್ದಾರೆ. ಕಾಕಾನಿಗೆ ಸಕ್ಕರೆ ಕಾಯಿಲೆ ಇದೆ. ಏನು ಮಾಡಲಿ ಹೇಳಿ.

ಮಾಳಮಡ್ಡಿ ಅಜ್ಜಿ:
ತಂಗಿ, ಖಾಲಿ ಡಬ್ಬಿ ಕೊಡಬಾರದು ಅನ್ನುವುದು ನಿನಗೆ ತಾನಾಗೇ ಹೊಳೆದಿದೆಯಲ್ಲ, ನಿಮ್ಮ ಅವ್ವ ಚೆನ್ನಾಗಿ ಬೆಳೆಸಿದ್ದಾಳೆ. ನಮ್ಮ ಮನೆಯಲ್ಲಿ ಪಕ್ಕದವರ ವಾಟಗ (ಬಟ್ಟಲು) ಹಿಂದೆ ಕೊಡುವಾಗ ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆ ಆದರೂ ಹಾಕಿಯೇ ಕೊಡುತ್ತಿದ್ದೆವು.

ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ ಮಾಡು. ಎಲ್ಲರೂ ತಿನ್ನುತ್ತಾರೆ, ಕಾಕಾನೂ ಸೇರಿ. ಅರ್ಧ ಕಿಲೋ ಶೇಂಗಾ ಸಣ್ಣ ಉರಿಯಲ್ಲಿ ಹುರಿ. ಅವಸರ ಮಾಡಬೇಡ, ಮೇಲೆ ಕಪ್ಪಾಗಿ ಒಳಗೆ ಹಸಿ ಉಳಿದರೆ ಎರಡೇ ದಿನಕ್ಕೆ ರುಚಿ ಹೋಗುತ್ತದೆ. ಆರಿದ ಮೇಲೆ ಕೈಯಲ್ಲಿ ತಿಕ್ಕಿ ಸಿಪ್ಪೆ ಕೇರು. ಒಂದು ಗಡ್ಡೆ ಬೆಳ್ಳುಳ್ಳಿ, ಜೀರಿಗೆ, ಖಾರ, ಉಪ್ಪು, ಗರಿಗರಿಯಾಗಿ ಹುರಿದ ಕರಿಬೇವು. ಒರಳಿದ್ದರೆ ಕುಟ್ಟು. ಮಿಕ್ಸರ್ ಆದರೆ ಗುಂಡಿ ಒತ್ತಿ ಬಿಡು, ಒತ್ತಿ ಬಿಡು. ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆ ಆಗುತ್ತದೆ. ಹಲ್ಲಿಗೆ ಕಾಳು ಸಿಗುವ ಹಾಗಿರಬೇಕು.

ಬೆಟಗೇರಿ ತಮ್ಮ:
ಅಕ್ಕಾ, ನನ್ನ ಮಾತು ಕೇಳಿ, ಖಡಕ್ ರೊಟ್ಟಿ ಒಯ್ಯಿರಿ. ನಾನು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಾಗ ಒಬ್ಬ ಸರ್ ಮನೆಯಲ್ಲಿ ಒಂದು ವಾರ ಇದ್ದೆ. ನಮ್ಮ ಅವ್ವ 40 ಖಡಕ್ ರೊಟ್ಟಿ ಬಡಿದು ಕಳಿಸಿದ್ದಳು. ಅವರು ತುಮಕೂರು ಕಡೆಯವರು. ಮೊದಲ ದಿನ ಹೇಗೆ ತಿನ್ನುವುದು ಅಂತ ಕೇಳಿದರು, ಮೊಸರು ಹಿಂಡಿ ಹಚ್ಚಿ ತೋರಿಸಿದೆ. ಈಗಲೂ ಊರಿಗೆ ಹೊರಟೆ ಅಂದರೆ "ರೊಟ್ಟಿ ತರ್ತೀಯಾ" ಅಂತಾರೆ.

ಬಸ್ಸಿನಲ್ಲಿ ಒಯ್ಯುವ ರೀತಿ ಹೇಳುತ್ತೇನೆ, ಇದನ್ನು ಯಾರೂ ಹೇಳಿಕೊಡುವುದಿಲ್ಲ. ಪೂರ್ತಿ ಆರಿದ ಮೇಲೆ ಒಂದರ ಮೇಲೊಂದು ಇಟ್ಟು ಕೆಳಗೂ ಮೇಲೂ ರೊಟ್ಟಿ ಅಗಲದ ರಟ್ಟು ಇಡಿ. ಹಳೇ ಕಾಟನ್ ಪಂಚೆಯಲ್ಲಿ ಬಿಗಿಯಾಗಿ ಗಂಟು ಕಟ್ಟಿ. ತೊಡೆ ಮೇಲೆ ಇಟ್ಟುಕೊಂಡೇ ಕೂರಿ, ಮೇಲಿನ ಸ್ಟ್ಯಾಂಡಿಗೆ ಹಾಕಿದರೆ ಪುಡಿ.

ಹಳೇಹುಬ್ಬಳ್ಳಿಯವ:
ಸ್ವಲ್ಪ ಕಟುವಾಗಿ ಹೇಳುತ್ತಿದ್ದೇನೆ, ಬೇಜಾರು ಆಗಬೇಡಿ ತಂಗಿ. 22 ದಿನ ಅಂದರೆ ಗ್ಯಾಸು, ತರಕಾರಿ, ಹಾಲು ಎಲ್ಲಾ ಖರ್ಚಾಗಿದೆ. ಹಿಂಡಿ, ರೊಟ್ಟಿ ಪ್ರೀತಿಗೆ ಸರಿ. ಆದರೆ ಮನೆ ನಡೆಸುವ ಸೊಸೆಗೆ ತಿಂಗಳ ಲೆಕ್ಕ ಇರುತ್ತದೆ. ಕಾಕಾ ಬೇಡ ಅಂದರು ಅಂತ ಬಿಡಬೇಡಿ. ಮಗುವಿನ ಕೈಗೆ ಒಂದು ಲಕೋಟೆಯಲ್ಲಿ ಇಟ್ಟು ಬನ್ನಿ. ದೊಡ್ಡವರು ಬೇಡ ಅನ್ನುತ್ತಾರೆ, ಮಗುವಿಗೆ ಕೊಟ್ಟದ್ದನ್ನು ಹಿಂದೆ ಕೊಡುವುದಿಲ್ಲ.

ಬ್ಯಾಡಗಿ ಹುಡುಗಿ:
ಅಣ್ಣಾ, ಬೇಜಾರಿಲ್ಲ. ನೀವು ಹೇಳಿದ್ದು ನನಗೂ ಕಾಡುತ್ತಿದೆ. ಆದರೆ ಅಪ್ಪ ಎರಡು ಸಲ ಪ್ರಯತ್ನಪಟ್ಟರು. ಎರಡನೇ ಸಲ ಕಾಕಾನ ಮುಖ ಸಪ್ಪಗಾಯಿತು, ಅವರಿಗೆ ನೋವಾಗಿದ್ದು ಕಣ್ಣಿಗೆ ಕಾಣುತ್ತಿತ್ತು. ಹಾಸ್ಟೆಲಿನಲ್ಲಿದ್ದಾಗ ಅಪ್ಪನ ಬುತ್ತಿಯ ರೊಟ್ಟಿ ಉಂಡೇ ಓದಿದೆ ಅಂತ ಕಾಕಾ ಹೇಳುತ್ತಿರುತ್ತಾರೆ. ಮೂರನೇ ಸಲ ದುಡ್ಡು ಹಿಡಿದುಕೊಂಡು ಹೋಗಲು ನಮಗೆ ಧೈರ್ಯವಿಲ್ಲ.

ಸಪ್ತಾಪುರ ವೈನಿ:
ನಾನು ಮನೆಗೆ ಬಂದವರನ್ನು ಇಟ್ಟುಕೊಳ್ಳುವ ಕಡೆಯವಳು, ಆ ಕಡೆಯಿಂದ ಒಂದೆರಡು ಮಾತು. ಧಾರವಾಡದಲ್ಲಿ ಮನೆ ಇದ್ದರೆ ನೆಂಟರು ತಪ್ಪುವುದಿಲ್ಲ. ಪರೀಕ್ಷೆಗೆ ಬರುವ ಹುಡುಗರು, ಯೂನಿವರ್ಸಿಟಿಗೆ ಬರುವವರು, 2008ರಲ್ಲಿ ಹೈಕೋರ್ಟ್ ಪೀಠ ಇಲ್ಲಿಗೆ ಬಂದ ಮೇಲೆ ಕೇಸಿಗೆ ಬರುವ ಊರಿನವರು. ಎಲ್ಲರೂ ಬರಲಿ, ನನಗೆ ಖುಷಿಯೇ. ಅವರು ಪ್ರೀತಿಯಿಂದ ತಂದದ್ದರಲ್ಲಿ ಕೆಲವು ನನಗೆ ನೆರವಾಗುತ್ತವೆ, ಕೆಲವು ಕೆಲಸ ಹೆಚ್ಚಿಸುತ್ತವೆ. ಎರಡು ಕಿಲೋ ಸಿಹಿ ತಂದರೆ ಕೆಡುವ ಮುಂಚೆ ಓಣಿಗೆಲ್ಲ ಹಂಚುವ ಕೆಲಸ ನನ್ನದು. ಗೋಡೆಗೆ ಹಾಕುವ ಸಾಮಾನು ತಂದರೆ ಅವರು ಮುಂದಿನ ಸಲ ಬಂದಾಗ ಅದು ಗೋಡೆ ಮೇಲೆ ಕಾಣಬೇಕು.

ನನಗೆ ಮರೆಯಲಾಗದ್ದು ಒಂದಿದೆ. ಅಣ್ಣಿಗೇರಿ ಕಡೆಯ ಒಬ್ಬ ಹುಡುಗ ಪರೀಕ್ಷೆಗೆ ಬಂದು ಒಂಬತ್ತು ದಿನ ಇದ್ದ. ಹೋಗಿ ಒಂದು ವಾರಕ್ಕೆ ಅವನ ಅವ್ವ ಹತ್ತು ಕಿಲೋ ಬಿಳಿಜೋಳ ಕಳಿಸಿದಳು. ಹಸನು ಮಾಡಿದ ಜೋಳ. ಒಂದು ಹರಳಿಲ್ಲ, ಒಂದು ಕಡ್ಡಿಯಿಲ್ಲ, ಚೀಲದ ಬಾಯಿ ಬಿಚ್ಚಿ ನೇರ ಗಿರಣಿಗೆ ಹಾಕುವ ಹಾಗಿತ್ತು. ಎಷ್ಟು ಮಧ್ಯಾಹ್ನ ಮೊರ ಹಿಡಿದು ಕೂತಿದ್ದಳೋ ಆ ತಾಯಿ. ನನ್ನ ಬೆನ್ನು ನೋವು ಆ ಹುಡುಗ ನೋಡಿ ಹೋಗಿ ಹೇಳಿದ್ದನಂತೆ. ನಾನು ಆ ಚೀಲದ ಮುಂದೆ ಕೂತು ಅತ್ತಿದ್ದೆ.

ಅದಕ್ಕೇ ಕೇಳುತ್ತೇನೆ. 22 ದಿನ ಆ ಮನೆಯಲ್ಲಿ ಇದ್ದೆಯಲ್ಲ, ಕಾಕುಗೆ ಯಾವ ಕೆಲಸ ಭಾರ ಅನ್ನಿಸುತ್ತದೆ? ಯಾವುದು ಮುಗಿದರೆ "ಅಬ್ಬಾ" ಅನ್ನುತ್ತಾರೆ? ಅದನ್ನು ನೆನಪು ಮಾಡಿಕೋ.

ಬ್ಯಾಡಗಿ ಹುಡುಗಿ:
ವೈನಿ, ನಿಮ್ಮ ಮಾತು ಓದಿ ರಾತ್ರಿಯೆಲ್ಲ ಅದೇ ಯೋಚನೆ. ನೆನಪಾಯಿತು. ಅವರ ಅಡುಗೆ ಮನೆಯಲ್ಲಿ ಮಸಾಲಿ ಖಾರದ ಡಬ್ಬಿ ತಳ ಕಂಡಿತ್ತು. ಕಾಕು ಚಮಚದಿಂದ ಕೆರೆಯುತ್ತಾ "ಈ ವರ್ಷ ಖಾರ ಕುಟ್ಟಿಸೋದು ಆಗ್ಲಿಲ್ಲ ನೋಡವಾ, ಪ್ಯಾಕೆಟಿನದು ರುಚೀನ ಇಲ್ಲ" ಅಂದಿದ್ದರು. ಬಿಸಿಲಿನಲ್ಲಿ ಮಾಳಿಗೆ ಹತ್ತಿ ಮೆಣಸಿನಕಾಯಿ ಒಣಗಿಸಲು ಈಗ ಅವರ ಕಾಲು ಬರುವುದಿಲ್ಲ. ಸೊಸೆ ಕೆಲಸಕ್ಕೆ ಹೋಗುತ್ತಾಳೆ.

ನಮ್ಮ ಮನೆಯಲ್ಲಿ ಮೆಣಸಿನಕಾಯಿ ಇದೆ! ನಮ್ಮದೇ ಹೊಲದ್ದು. ಇಷ್ಟು ದಿನ ಅದು ಕಣ್ಣಮುಂದೇ ಇತ್ತು, ಉಡುಗೊರೆ ಅನ್ನುವ ಯೋಚನೆಯೇ ಬಂದಿರಲಿಲ್ಲ.

ರಾಣೇಬೆನ್ನೂರು ರೈತ:
ಇದು ನೋಡಿ ಮಾತು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ, ಅಂದರೆ ಇದು ಈ ಕಡೆಯದ್ದೇ ಅನ್ನುವ ಸರ್ಕಾರಿ ಗುರುತು ಸಿಕ್ಕಿತು, ಬೇರೆ ರಾಜ್ಯದವರು ಲಾರಿಗಟ್ಟಲೆ ಒಯ್ಯುತ್ತಾರೆ, ನಾವು ಮಾತ್ರ "ಮನೇದೇ ಅಲ್ವಾ" ಅಂತ ಸುಮ್ನೆ ಇರುತ್ತೇವೆ.

ಎರಡು ವಿಷಯ ನೆನಪಿಡು ತಂಗಿ. ಬ್ಯಾಡಗಿಯಲ್ಲಿ ಡಬ್ಬಿ, ಕಡ್ಡಿ ಅಂತ ಎರಡು ಥರದ ಕಾಯಿ ಇವೆ. ಡಬ್ಬಿ ದಪ್ಪ, ಬಣ್ಣ ಜಾಸ್ತಿ, ಖಾರ ಕಡಿಮೆ. ಮಗು ಇರುವ ಮನೆಗೆ ಅದೇ ಚೆಂದ. ಖಾರ ಬೇಕಿದ್ದರೆ ಕಿಲೋಗೆ ನೂರು ನೂರೈವತ್ತು ಗ್ರಾಂ ಗುಂಟೂರು ಸೇರಿಸು. ಆದರೆ ಆ ಮನೆಯ ನಾಲಿಗೆ ಯಾವುದು ಅಂತ ನಿನಗೇ ಗೊತ್ತು, ನಿನ್ನ ಮನೆಯ ಅಳತೆ ಅವರ ಮೇಲೆ ಹೇರಬೇಡ. ಎರಡನೇದು, ತೊಟ್ಟು ಮುರಿಯುವಾಗ ಒಂದೊಂದೇ ಕಾಯಿ ನೋಡು. ಮೇಲೆ ಕೆಂಪಾಗಿದ್ದು ಒಳಗೆ ಬೂದಿ ಬಣ್ಣದ ಬೂಷ್ಟು ಕೂತಿರುತ್ತದೆ. ಅಂಥದ್ದೊಂದು ಬಿದ್ದರೆ ಇಡೀ ಖಾರಕ್ಕೆ ಮುಗ್ಗಲು ವಾಸನೆ.

ನವಲೂರು ಪೇರಲ:
ನನ್ನ ಅನುಭವ ಒಂದು, ಯಾರಿಗಾದರೂ ಉಪಯೋಗ ಆಗಲಿ. ಹೆರಿಗೆ ಸಮಯದಲ್ಲಿ ನನ್ನನ್ನು ನೋಡಿಕೊಂಡ ಅತ್ತಿಯವರಿಗೆ ಅಗಸಿ ಹಿಂಡಿ ಮಾಡಿ ಒಯ್ದಿದ್ದೆ. ಏಪ್ರಿಲ್ ಬಿಸಿಲು. ಒಂದು ತಿಂಗಳು ಮುಂಚೆಯೇ ಕುಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟಿದ್ದೆ. ಅತ್ತಿ ಮುಚ್ಚಳ ತೆಗೆದಾಗ ಹಳೇ ಎಣ್ಣೆಯ ವಾಸನೆ ಬಂತು. ಅವರು ಏನೂ ಅನ್ನಲಿಲ್ಲ, ಮೇಲೆ ಎತ್ತಿಟ್ಟರು. ನನಗೆ ಈಗಲೂ ಆ ಗಳಿಗೆ ನೆನೆದರೆ ಸಂಕಟ ಆಗುತ್ತದೆ. ಅಗಸಿಯಲ್ಲಿ ಎಣ್ಣೆ ಜಾಸ್ತಿ, ಕುಟ್ಟಿದ ಮೇಲೆ ಬೇಗ ಕೆಡುತ್ತದೆ. ಅಗಸಿ, ಗುರೆಳ್ಳು, ಶೇಂಗಾ ಯಾವುದೇ ಆಗಲಿ, ಹೊರಡುವ ಎರಡು ದಿನ ಮುಂಚೆ ಮಾಡಿ. ಡಬ್ಬಿ ತೊಳೆದು ಒರೆಸಿದರೆ ಸಾಲದು, ಒಂದು ದಿನ ಬಿಸಿಲಿಗೆ ಬೋರಲು ಹಾಕಿ. ಮುಚ್ಚಳದ ಅಂಚಿನಲ್ಲಿ ಹನಿ ನೀರು ಉಳಿದಿರುತ್ತದೆ, ಅಲ್ಲಿಂದಲೇ ಬೂಷ್ಟು ಶುರು.

ಹಾವೇರಿ ಮಾವ:
ನಮ್ಮ ಹಾವೇರಿಯ ಏಲಕ್ಕಿ ಹಾರ ಯಾಕೆ ಯಾರೂ ಹೇಳಲಿಲ್ಲ? 2023ರ ಜನವರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ನಮ್ಮೂರಲ್ಲೇ ಆಯಿತಲ್ಲ, ಆಗ ಎಲ್ಲರ ಬಾಯಲ್ಲೂ ಅದೇ.

ಸಪ್ತಾಪುರ ವೈನಿ:
ಏಲಕ್ಕಿ ಹಾರ ಬಹಳ ಚೆಂದ, ಆದರೆ ಅದು ಸನ್ಮಾನಕ್ಕೆ ಹಾಕುವಂಥದ್ದು. ಬೆಳಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿದ ಕಾಕುಗೆ ಕೊರಳಿಗೆ ಹಾರ ಹಾಕಿದರೆ ಸಂಕೋಚ ಆದೀತು. ಅದನ್ನು ಕಟ್ಟುವುದೂ ಪಳಗಿದ ಕೈಗಳ ಕೆಲಸ, 15 ದಿನದಲ್ಲಿ ಕಲಿಯುವುದಲ್ಲ. ಬೇಕಿದ್ದರೆ ಖಾರದ ಜೊತೆ ಒಂದು ಹಿಡಿ ಒಳ್ಳೆ ಏಲಕ್ಕಿ ಸಣ್ಣ ಬಟ್ಟೆ ಚೀಲದಲ್ಲಿ ಹಾಕಿ ಕೊಡಲಿ.

ಕಸೂತಿ ಸೂಜಿ:
ತಿನ್ನುವುದು ಮುಗಿದು ಹೋಗುತ್ತದೆ, ಒಂದು ಬಟ್ಟೆ ಇರಲಿ ಅನ್ನಿಸುತ್ತದೆ ನನಗೆ. ರೊಟ್ಟಿ ಬುಟ್ಟಿ ಮುಚ್ಚುವ ಬಟ್ಟೆ. ದಿನಾ ಕೈಗೆ ಬರುತ್ತದೆ, ಜಾಗ ತಿನ್ನುವುದಿಲ್ಲ.

ಮ್ಯಾಟಿ ಬಟ್ಟೆ ಒಂದು ಗಜ ತಗೊಳ್ಳಿ, ಅದರಲ್ಲಿ ಎಳೆ ಎಣಿಸಲು ಸುಲಭ. ಕಸೂತಿಯಲ್ಲಿ ಗವಂತಿ, ಮುರಗಿ, ನೇಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಹೊಸಬರು ಗವಂತಿ ಒಂದೇ ಹಿಡಿದುಕೊಂಡರೆ ಸಾಕು. ನಾಲ್ಕು ಎಳೆ ಬಿಟ್ಟು ನಾಲ್ಕು ಎಳೆ ಹಿಡಿದು ಹೋಗುವುದು, ತುದಿ ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ಖಾಲಿ ಜಾಗ ತುಂಬುತ್ತಾ ವಾಪಸ್ ಬರುವುದು. ಗಂಟು ಹಾಕುವಂತಿಲ್ಲ. ದಾರದ ತುದಿಯನ್ನು ಹೊಲಿಗೆ ಕೆಳಗೇ ಸೇರಿಸಬೇಕು. ಸರಿಯಾಗಿ ಬಂದರೆ ಹಿಂದೆ ಮುಂದೆ ಒಂದೇ ಥರ ಕಾಣುತ್ತದೆ. ಬಟ್ಟೆ ಯಾವ ಕಡೆ ಹೊದಿಸಿದರೂ ನಡೆಯುತ್ತದೆ, ಅದಕ್ಕೇ ಬುಟ್ಟಿಗೆ ಹೇಳಿ ಮಾಡಿಸಿದ ಹಾಗಿದೆ. ಗೋಪುರ, ತೇರು, ಆನೆ ಎಲ್ಲಾ ಈಗ ಬೇಡ. ಒಂದು ಮೂಲೆಗೆ ಸಣ್ಣ ತುಳಸಿ ಕಟ್ಟೆ, ಸುತ್ತ ಒಂದು ಗೆರೆ. ದಿನಾ ಒಂದು ಗಂಟೆ ಕೂತರೆ ಹತ್ತು ದಿನದಲ್ಲಿ ಮುಗಿಯುತ್ತದೆ. ದಾರದ ಬಣ್ಣ ಬಿಡುತ್ತದಾ ಅಂತ ಮೊದಲು ಬಿಸಿ ನೀರಿನಲ್ಲಿ ಅದ್ದಿ ನೋಡಿ, ಕೆಂಪು ಬಣ್ಣ ಮೋಸ ಮಾಡುತ್ತದೆ.

ಬೆಟಗೇರಿ ತಮ್ಮ:
ಮಗುವಿಗೆ ಏನು ಅಂತ ಯಾರೂ ಹೇಳಲಿಲ್ಲ. ಬೆಲ್ಲದ ಶೇಂಗಾ ಉಂಡಿ ನಾಲ್ಕೈದು ಮಾಡಿ. ಬೆಲ್ಲ ಅಂದರೆ ಕಾಕಾನೂ ಒಂದು ತಿನ್ನಬಹುದು.

ನವಲೂರು ಪೇರಲ:
ತಮ್ಮಾ, ಹಾಗೆ ತಿಳಿಯಬೇಡ. ಬೆಲ್ಲವೂ ಸಕ್ಕರೆಯ ಹಾಗೇ ರಕ್ತದಲ್ಲಿ ಏರುತ್ತದೆ. ನಮ್ಮಪ್ಪನೂ "ಬೆಲ್ಲದ್ದಲ್ವಾ" ಅಂತ ತಿಂದು ತಿಂದೇ ಶುಗರ್ ಏರಿಸಿಕೊಂಡರು. ಮಗುವಿಗೆ ಮಾಡಲಿ, ಆದರೆ ಬೇರೆ ಸಣ್ಣ ಡಬ್ಬಿಯಲ್ಲಿ ಹಾಕಿ ಸೊಸೆಯ ಕೈಗೆ ಕೊಡಲಿ. ಕಾಕಾನ ಮುಂದೆ ಡಬ್ಬಿ ತೆರೆದು ಅವರು ಬಾಯಿ ಕಟ್ಟಿ ಕೂರುವ ಹಾಗೆ ಆಗಬಾರದು.

ಮಾಳಮಡ್ಡಿ ಅಜ್ಜಿ:
ತಂಗಿ, ಎಲ್ಲಾ ಸರಿ ಹೋಗುತ್ತಿದೆ. ಒಂದು ಕೇಳಬೇಕಿತ್ತು. ಅವ್ವನಿಗೆ ಉಡಿ ತುಂಬಿದಾಗ ಕುಬಸದ ಖಣ ಇಟ್ಟಿದ್ದರಲ್ಲ, ಅದು ಏನಾಯಿತು?

ಬ್ಯಾಡಗಿ ಹುಡುಗಿ:
ಇದೆ ಅಜ್ಜಿ, ಗುಳೇದಗುಡ್ಡ ಖಣ, ಹಸಿರು ಬಣ್ಣ ಕೆಂಪು ಅಂಚು. ಟ್ರಂಕಿನಲ್ಲಿ ಇಟ್ಟಿದ್ದಾಳೆ.

ಮಾಳಮಡ್ಡಿ ಅಜ್ಜಿ:
ಟ್ರಂಕಿನಿಂದ ತೆಗೆ. ಕುಬಸ ಹೊಲಿಸು. ತೋರಿಸಲು ಹೋಗುವ ದಿನ ಅವ್ವ ಅದನ್ನೇ ತೊಟ್ಟುಕೊಂಡು ಆ ಮನೆಯ ಹೊಸ್ತಿಲು ದಾಟಲಿ. ನೀನು ಒಯ್ಯುವ ಡಬ್ಬಿಗಿಂತ ಮೊದಲು ನಿನ್ನ ಕಾಕುಗೆ ಕಾಣುವುದು ಅದು.

ಕಸೂತಿ ಸೂಜಿ:
ಅಜ್ಜಿ, ಈ ಮಾತು ಓದಿ ಕಣ್ಣು ತುಂಬಿತು.

ಹಳೇಹುಬ್ಬಳ್ಳಿಯವ:
ಮೇಲೆ ದುಡ್ಡು ಕೊಡಿ ಅಂದಿದ್ದೆ. ಕಾಕಾನ ಬುತ್ತಿಯ ಕತೆ ಓದಿದ ಮೇಲೆ ನನ್ನ ಮಾತು ಹಿಂದಕ್ಕೆ ತಗೊಳ್ಳುತ್ತೇನೆ. ಎರಡು ಕಿಲೋ ಖಾರ ಒಯ್ದರೆ ಆ ಮನೆಗೆ ಎಷ್ಟೋ ತಿಂಗಳು ಕೊಳ್ಳುವುದು ತಪ್ಪುತ್ತದೆ, ಸೊಸೆಗೂ ನೆರವಾಗುತ್ತದೆ. ಒಂದೇ ವಿನಂತಿ, ಅರ್ಧ ಕಿಲೋ ಒಯ್ಯಬೇಡಿ. ಕೈಬಿಚ್ಚಿ ಕೊಡಿ.

ಬ್ಯಾಡಗಿ ಹುಡುಗಿ:
(ಹದಿನೇಳು ದಿನದ ನಂತರ)
ನಿನ್ನೆ ಹುಬ್ಬಳ್ಳಿಯಿಂದ ಬಂದೆವು. ಅವ್ವನ ಕಾಲು ಚೆನ್ನಾಗಿ ಕೂಡಿಕೊಂಡಿದೆ ಅಂದರು ಡಾಕ್ಟರು. ಎಲ್ಲಾ ಹೇಳುತ್ತೇನೆ.

ಮೆಣಸಿನಕಾಯಿ ಎರಡು ದಿನ ಒಣಗಿಸಿದೆ. ತೊಟ್ಟು ಮುರಿಯಲು ಅವ್ವ ಮಂಚದ ಮೇಲೆ ಕೂತೇ ಕೈ ಹಾಕಿದಳು, ನನಗಿಂತ ಜೋರಾಗಿ ಅವಳೇ ಮುರಿದಳು. ರೈತ ಅಣ್ಣ ಹೇಳಿದ ಹಾಗೆ ನೋಡುತ್ತಾ ಹೋದೆವು, ಹನ್ನೊಂದು ಕಾಯಿ ಒಳಗೆ ಬೂಷ್ಟು ಹಿಡಿದಿದ್ದವು. ಗುಂಟೂರು ಹಾಕಲಿಲ್ಲ, ಆ ಮನೆಯಲ್ಲಿ ಖಾರ ಕಡಿಮೆ ಉಣ್ಣುತ್ತಾರೆ. ಮಸಾಲೆ ಎಲ್ಲಾ ಬೇರೆ ಬೇರೆ ಹುರಿದು ಖಾರದ ಗಿರಣಿಗೆ ನಾನೇ ಹೋಗಿ ನಿಂತು ಕುಟ್ಟಿಸಿದೆ. ಒಟ್ಟು ಎರಡು ಕಿಲೋ ಮೇಲೆ ಬಂತು. ಮಸಾಲೆ, ಕೊಬ್ಬರಿ, ಬಟ್ಟೆ, ದಾರ, ಗಿರಣಿ ಸೇರಿ 580 ರೂಪಾಯಿ ಆಯಿತು.

ಮೂರು ಖಾನೆಯ ಡಬ್ಬಿಯಲ್ಲಿ ಎರಡಕ್ಕೆ ಖಾರ ಒತ್ತಿ ತುಂಬಿದೆ, ಮೂರನೇದಕ್ಕೆ ಶೇಂಗಾ ಹಿಂಡಿ. ಉಳಿದ ಖಾರ ಗಾಜಿನ ಭರಣಿಯಲ್ಲಿ. ಮಗುವಿಗೆ ಆರು ಉಂಡಿ ಬೇರೆ ಡಬ್ಬಿಯಲ್ಲಿ. ಕಸೂತಿ ಬಟ್ಟೆ ಗೆರೆ ಎರಡು ಕಡೆ ಎಣಿಕೆ ತಪ್ಪಿ ಬಿಚ್ಚಿ ಮತ್ತೆ ಹಾಕಿದೆ. ತುಳಸಿ ಕಟ್ಟೆ ಸರಿಯಾಗಿ ಬಂತು.

ಬಾಗಿಲು ತೆರೆದ ಕಾಕು ನನ್ನ ಕೈಯಲ್ಲಿನ ಚೀಲ ನೋಡಲೇ ಇಲ್ಲ. ಅವ್ವ ಕೋಲು ಹಿಡಿದು ನಿಂತಿದ್ದಳು, ಹಸಿರು ಕುಬಸ. ಕಾಕು ಅವಳ ತೋಳು ಮುಟ್ಟಿ, ಅಂಚು ತಿರುಗಿಸಿ ನೋಡಿ, "ಎಷ್ಟ್ ಚಂದ ಒಪ್ಪೇತಿ ನೋಡ್ರಿ ವೈನಿ" ಅಂದರು. ಆಮೇಲೆ ಇಬ್ಬರಿಗೂ ಮಾತು ಬರಲಿಲ್ಲ.

ಡಬ್ಬಿ ತೆರೆದಾಗ ಕಾಕು ಒಂದು ಚಿಟಿಕೆ ಖಾರ ಅಂಗೈಗೆ ಹಾಕಿಕೊಂಡು ಬೆರಳಿನಿಂದ ತಿಕ್ಕಿ ಮೂಸಿದರು. ಅಂಗೈ ಕೆಂಪಾಯಿತು. ಸೊಸೆಯನ್ನು ಕರೆದು ಅವಳಿಗೂ ಮೂಸಿಸಿದರು. ಮಧ್ಯಾಹ್ನವೇ ಅದೇ ಖಾರ ಹಾಕಿ ಬದನೆಕಾಯಿ ಎಣ್ಣೆಗಾಯಿ ಮಾಡಿದರು, ನಾವೂ ಉಂಡೆವು. ಕಾಕಾ ಹಿಂಡಿ ಮೇಲೆ ಎಣ್ಣೆ ಹಾಕಿಸಿಕೊಂಡು ಎರಡು ರೊಟ್ಟಿ ಜಾಸ್ತಿ ತಿಂದರು.

ಬಟ್ಟೆಯನ್ನು ಕಾಕು ಕಪಾಟಿನಲ್ಲಿ ಇಡಲು ಹೊರಟಿದ್ದರು, ಹಬ್ಬಕ್ಕೆ ತೆಗೆಯುತ್ತೇನೆ ಅಂತ. ಬೇಡ ಕಾಕು, ದಿನಾ ಹೊದಿಸಿ ಅಂದೆ. ಹೊರಡುವಾಗ ನೋಡಿದೆ, ಬುಟ್ಟಿ ಮೇಲೆ ಇತ್ತು.

ಸಪ್ತಾಪುರ ವೈನಿ:
ಸಂತೋಷ ಆಯಿತು ತಂಗಿ. ಅವ್ವನಿಗೆ ನನ್ನ ನಮಸ್ಕಾರ ಹೇಳು. ಕಿಲೋ ಮೆಣಸಿನಕಾಯಿಗೆ ಕೊತ್ತಂಬರಿ ಕಾಳು, ಕೊಬ್ಬರಿ ಎಷ್ಟು ಹಾಕಿದೆ? ನನ್ನದು ಪ್ರತಿ ಸಲ ಮೂರು ತಿಂಗಳಿಗೆ ಗಂಟು ಕಟ್ಟುತ್ತದೆ.

ಬ್ಯಾಡಗಿ ಹುಡುಗಿ:
ವೈನಿ, ಕೊತ್ತಂಬರಿ ಅರ್ಧ ಕಿಲೋ, ಒಣಕೊಬ್ಬರಿ ಕಾಲು ಕಿಲೋ, ಬೆಳ್ಳುಳ್ಳಿ ನೂರು ಗ್ರಾಂ. ಅವ್ವ ಹೇಳುವುದು, ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಕೆಂಪಾಗಿ ಗರಿಯಾಗುವವರೆಗೆ ಹುರಿಯಬೇಕಂತೆ, ಒಳಗೆ ಹಸಿ ಉಳಿದರೆ ಗಂಟು ಕಟ್ಟುತ್ತದೆ. ಮತ್ತೆ ಗಿರಣಿಯಿಂದ ತಂದ ಖಾರ ಬಿಸಿ ಇರುತ್ತದೆ, ಅದನ್ನು ಹಾಗೇ ಡಬ್ಬಿಗೆ ಹಾಕಬಾರದು. ಪೇಪರ್ ಮೇಲೆ ಹರವಿ ಒಂದು ರಾತ್ರಿ ಆರಲು ಬಿಡಿ, ಬೆಳಗ್ಗೆ ಜರಡಿ ಹಿಡಿದು ತುಂಬಿ.